ಹಿಂದೆ ಓಡುತ್ತಿದ್ದ ಮೇಷ್ಟ್ರು

ಹರಿಯಬ್ಬೆಯಲ್ಲಿ ಅಪ್ಪನ ಕುರಿಗಳ ಮುಂದೆ ನಡೆದು ಬೆಳೆದವಳು ನಾನು. ಹಿಂದುಳಿದ ಮರಿಗಾಗಿ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವ ಹಾಳು ಚಟ ಕತ್ತಿಗೆ ಅಂಟಿಬಿಟ್ಟಿತ್ತು. ಓಟದ ಪಂದ್ಯದಲ್ಲೂ ಹಾಗೇ ತಿರುಗಿ, ಗೆಲ್ಲಬಹುದಾದ ಓಟ ಸೋಲುತ್ತಿದ್ದೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ರೇಗಿದರು: “ಲೇ, ಇಲ್ಲಿ ಯಾವ ಕುರಿ ಅವೆ? ಹಿಂದೆ ನಾನಿದೀನಿ, ನೀನು ಮುಂದೆ ನೋಡು.” ನಿವೃತ್ತಿಯ ಅಂಚಿನಲ್ಲಿದ್ದ ಅವರು ವರ್ಷವಿಡೀ ಏದುಸಿರು ಬಿಡುತ್ತಾ ನನ್ನ ಹಿಂದೆಯೇ ಓಡಿ ಆ ಚಟ ಬಿಡಿಸಿದರು.

ಈಗ ಹೊಸದುರ್ಗದಲ್ಲಿ ನಾನೇ ಪಿ.ಟಿ. ಟೀಚರ್. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಒಬ್ಬಳೇ ಓಡುತ್ತೇನೆ. ಕತ್ತು ಮತ್ತೆ ತಿರುಗಲು ಹವಣಿಸುತ್ತದೆ, ನಾನು ಬಿಡುವುದಿಲ್ಲ. ತಿರುಗಿ ನೋಡದೆ ಇರುವಷ್ಟು ಹೊತ್ತು ಮೇಷ್ಟ್ರು ಹಿಂದೆ ಇದ್ದೇ ಇರುತ್ತಾರೆ.