ಹಿಂದಿನ ಗೋಡೆಯಿಂದ ಶುರುಮಾಡುವ ತಟ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎಣ್ಣೆ ಕಾರ್ಖಾನೆಯ ಗೇಟಿನ ಮುಂದೆ ತಟ್ಟಕ್ಕ ಮರದ ಸುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಾಳೆ. ಲಾರಿಗಳು ಓಡಾಡುವ ಮೊದಲೇ ಗೋದಾಮಿನ ಸರಕು ಎಣಿಸಿ ಮುಗಿಸಬೇಕು. ಬೇರೆ ದಿನವಾದರೆ ತಾನೇ ಗೇಟು ಬಡಿಯುವವಳು ಇವತ್ತು ಬಡಿಯದೆ ಕಾಯುತ್ತಿದ್ದಾಳೆ. ಇಲ್ಲಿನ ಗೋದಾಮಿನ ಮೇಲ್ವಿಚಾರಕ ಯಾರು ಅಂತ ಅವಳಿಗೆ ನಿನ್ನೆಯಷ್ಟೇ ಗೊತ್ತಾಗಿದೆ. ಎಂಟು ವರ್ಷದ ಹಿಂದೆ ಅವಳಿಂದಾಗಿಯೇ ಕೆಲಸ ಕಳೆದುಕೊಂಡ ಮನುಷ್ಯ!

ತಟ್ಟಕ್ಕ ಲೆಕ್ಕಪರಿಶೋಧಕರ ಕಚೇರಿಯ ಸಹಾಯಕಿ. ಕಂಪನಿ ತನ್ನ ಹತ್ತಿರ ಇಷ್ಟು ಡ್ರಮ್ ಎಣ್ಣೆ ಇದೆ ಅಂತ ಬರೆದುಕೊಂಡರೆ, ಅದು ನಿಜವಾಗಿಯೂ ಇದೆಯೋ ಇಲ್ಲವೋ ಅಂತ ಒಂದೊಂದನ್ನೂ ತಟ್ಟಿ ನೋಡುವವಳು. ತುಂಬಿದ ಡ್ರಮ್ 'ಡಬ್' ಅನ್ನುತ್ತೆ, ಖಾಲಿ ಡ್ರಮ್ 'ಟಣ್' ಅನ್ನುತ್ತೆ. ಮದುವೆಗೆ ಮುಂಚೆ ಡ್ರಮ್ ತೊಳೆಯುವ ಕೆಲಸದಲ್ಲಿದ್ದಾಗ ಕಿವಿಗೆ ಅಂಟಿದ ವಿದ್ಯೆ ಇದು. ದಿನಕ್ಕೆ ನಾನೂರು ಡ್ರಮ್ಮಾದರೂ ಆಗುತ್ತೆ. ಮಂಡಿ ಸವೆದಿದೆ, ಎಣ್ಣೆಯ ವಾಸನೆ ತಲೆಗೇರಿ ಎಷ್ಟೋ ಸಂಜೆ ಊಟ ಸೇರುವುದಿಲ್ಲ. ದೊಡ್ಡ ಕಂಪನಿಯ ಲಾಭ ಎಷ್ಟು ಅಂತ ಪೇಪರಿನಲ್ಲಿ ಓದಿ ಬಾಯಿ ಚಪ್ಪರಿಸುತ್ತೇವಲ್ಲ, ಆ ಅಂಕಿ ಸುಳ್ಳಲ್ಲ ಅಂತ ಯಾರು ನೋಡಿದರು ಅಂತ ನಾವು ಒಂದು ದಿನವಾದರೂ ಕೇಳಿದ್ದೇವಾ? ಕೇಳುವುದಿಲ್ಲ. ಕಂಪನಿ ಮುಳುಗಿದ ಮೇಲೆ ಬಾಯಿ ಬಡಿದುಕೊಳ್ಳುತ್ತೇವೆ.

ಮನೆಯಲ್ಲಿ ಮಗಳು ರೇಗಿಸುತ್ತಾಳೆ: "ನಮ್ಮಮ್ಮ ಕಲ್ಲಂಗಡಿ ಹಣ್ಣನ್ನೂ ಆಡಿಟ್ ಮಾಡ್ತಾಳೆ." ತಟ್ಟಕ್ಕ ಬಿಡುವವಳಲ್ಲ: "ತಟ್ಟಿ ನೋಡದೇ ಒಪ್ಕೊಂಡ ಮಾಲು ಅಂದ್ರೆ ನಿಮ್ಮಪ್ಪ ಒಬ್ರೇ ಕಣೇ!" ಹೊಲಿಗೆ ಯಂತ್ರದ ಮುಂದೆ ಕೂತ ಗಂಡ ತಲೆ ಎತ್ತದೆ ನಗುತ್ತಾನೆ.

ಇವತ್ತು ಅವಳ ಜೊತೆ ಒಬ್ಬರು ಕಾಲೇಜು ಮೇಡಂ ಬಂದಿದ್ದಾರೆ. ಕೆಲವು ಲೆಕ್ಕಪರಿಶೋಧನೆಗಳು ಯಾಕೆ ಮೋಸ ಹಿಡಿಯುತ್ತವೆ, ಕೆಲವು ಯಾಕೆ ಹಿಡಿಯುವುದಿಲ್ಲ ಅನ್ನುವುದು ಅವರ ಸಂಶೋಧನೆ. "ಇಷ್ಟು ದಿನ ವರದಿಗಳನ್ನೇ ಓದಿದೆ. ಗೋದಾಮಿಗೆ ಹೋದವರನ್ನ ಮಾತಾಡಿಸಿರಲಿಲ್ಲ" ಅನ್ನುತ್ತಾರೆ. ಗೇಟು ತೆರೆಯುವವರೆಗೂ ಅವರು ಎಂಟು ವರ್ಷದ ಹಿಂದಿನ ಕಥೆ ಕೇಳುತ್ತಾರೆ.

ಅದು ಬೇರೊಂದು ಎಣ್ಣೆ ಕಂಪನಿಯ ಗೋದಾಮು. ಅಲ್ಲಿನ ಮಾಲೀಕ ಹೇಳಿದ್ದ: "ಮುಂದಿನ ಸಾಲು ಎಣಿಸಿ, ಉಳಿದದ್ದಕ್ಕೆ ಗುಣಿಸಿಬಿಡಮ್ಮ." ತಟ್ಟಕ್ಕನ ಪದ್ಧತಿಯೇ ಬೇರೆ. ಅವಳು ಶುರುಮಾಡುವುದು ಹಿಂದಿನ ಗೋಡೆಯಿಂದ. "ಬಾಗಿಲ ಹತ್ತಿರದ ಸಾಲು ಅಲಂಕಾರ ಮಾಡ್ಕೊಂಡು ನಿಂತಿರುತ್ತೆ ಮೇಡಂ. ಮನೆ ಹೇಗಿದೆ ಅಂತ ತಿಳೀಬೇಕಾದ್ರೆ ಹಿತ್ತಲಿಗೆ ಹೋಗ್ಬೇಕು." ಹಿತ್ತಲಲ್ಲಿ ಸಾಲಿಗೆ ಸಾಲೇ ಟಣ್ ಟಣ್ ಅಂದಿತು. ಮಾಲೀಕ ಹಾರಾಡಿದ. ಡ್ರಮ್ ತೊಳೆಯೋಳ ಮಾತು ಕೇಳಿದರೆ ನಿಮ್ಮ ಕಚೇರಿಗೆ ಇನ್ನು ನಮ್ಮ ಕೆಲಸವಿಲ್ಲ ಅಂತ ಹಿರಿಯ ಪರಿಶೋಧಕರಿಗೆ ಫೋನಿನಲ್ಲೇ ಬೆದರಿಸಿದ.

"ಸಾಹೇಬ್ರು ನನ್ನ ಕೇಳಿದ್ದು ಒಂದೇ ಮಾತು: 'ಖಾತ್ರಿನಾ?' ನಾನು 'ಹೌದು ಸಾರ್' ಅಂದೆ. 'ಹಾಗಾದ್ರೆ ಇದ್ದದ್ದು ಇದ್ದ ಹಾಗೇ ಬರೀತೀನಿ' ಅಂದ್ರು. ಬರೆದ್ರು. ದೊಡ್ಡ ಗಿರಾಕಿ ಹೋದ. ಇವತ್ತಿನವರೆಗೂ ನನ್ನ ಮುಂದೆ ಆ ಮಾತು ಎತ್ತಿಲ್ಲ." ತಟ್ಟಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. "ಗುಣಮಟ್ಟ ಅಂತೀರಲ್ಲ ಮೇಡಂ, ನಂಗೆ ಗೊತ್ತಿರೋದು ಇಷ್ಟೇ. ನಾನು ತಟ್ಟಿದೆ, ಅವರು ಹಿಂದೆ ನಿಂತ್ರು. ಅವರು ನಿಲ್ಲದಿದ್ರೆ ನನ್ನ ಸುತ್ತಿಗೆ ಬರೀ ಸೌದೆ."

ಆದರೆ ಹಿಂದಿನ ಸಾಲಿಗೆ ಅವಳನ್ನು ಯಾಕೆ ಬಿಟ್ಟೆ ಅಂತ ಮಾಲೀಕ ಮೇಲ್ವಿಚಾರಕನನ್ನು ಅದೇ ವಾರ ಹೊರಗೆ ಹಾಕಿದ. ಅದು ಅವಳಿಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. "ಅವರ ಮನೆ ಒಲೆ ಆರಿಸಿದೆನೇನೋ ಅಂತ."

ಗೇಟು ತೆರೆಯುತ್ತದೆ. ಎದುರಿಗೆ ಅವನೇ, ಕೂದಲು ನೆರೆತಿದೆ. "ಬಂದ್ರಾ? ಬನ್ನಿ" ಅಂದು ಮುಂದೆ ನಡೆಯುತ್ತಾನೆ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ತಟ್ಟಕ್ಕ ಗೋದಾಮಿನೊಳಗೆ ಕಾಲಿಟ್ಟವಳೇ ನಿಂತುಬಿಡುತ್ತಾಳೆ. ಬಾಗಿಲಿಂದ ಹಿಂದಿನ ಗೋಡೆಯವರೆಗೂ ದಾರಿ ಬಿಡಿಸಿ ಗುಡಿಸಿದ್ದಾರೆ. ಕೊನೆಯ ಸಾಲಿಗೆ ಏಣಿ ಆನಿಸಿದೆ, ಅವಳ ಮಂಡಿಗೆ ಅಂತ ಗೋಣಿಚೀಲವನ್ನೂ ಮಡಚಿ ಇಟ್ಟಿದೆ.

"ನೀವು ಎಲ್ಲಿಂದ ಶುರುಮಾಡ್ತೀರಿ ಅಂತ ನಂಗೊತ್ತಲ್ಲ" ಅನ್ನುತ್ತಾನೆ ಅವನು. "ಅಕ್ಕಾ, ಅವತ್ತು ಸಂಜೆ ಆ ಡ್ರಮ್ಮೆಲ್ಲಾ ತುಂಬಿವೆ ಅಂತ ಸಹಿ ಹಾಕೋದಿತ್ತು ನಾನು. ನೀವು ತಟ್ಟದಿದ್ರೆ ಹಾಕ್ಬಿಟ್ಟು ಜೈಲಲ್ಲಿ ಇರ್ತಿದ್ದೆ. ಆರು ತಿಂಗಳು ಕೆಲಸ ಇರ್ಲಿಲ್ಲ, ನಿಜ. ಮಕ್ಕಳ ಮುಖ ನೋಡೋ ಧೈರ್ಯ ಇತ್ತು."

ತಟ್ಟಕ್ಕ ಕೈ ಮುಗಿಯುತ್ತಾಳೆ. ಏಣಿ ಹತ್ತಿ ಮೊದಲ ಡ್ರಮ್ ತಟ್ಟುತ್ತಾಳೆ. ಡಬ್.

"ನೋಡಿದ್ರಾ? ಈಗಲಾದ್ರೂ ನಂಬಿಕೆ ಬಂತಾ?" ಅವನು ನಗುತ್ತಾನೆ.

"ನಂಬಿಕೆ ಇದೆ ಅಣ್ಣಾ. ಅದನ್ನ ಉಳಿಸ್ಕೊಳ್ಳೋಕೇ ತಟ್ಟೋದು" ಅನ್ನುತ್ತಾ ಅವಳು ಎರಡನೆಯದಕ್ಕೆ ಕೈ ಚಾಚುತ್ತಾಳೆ. "ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ."