ಮುಚ್ಚಿಡಬೇಕಾಗಿದ್ದ ಜಾಡಿ

ಪೈಪ್ ಸೇದುವವನಿಗೆ ಮೊದಲು ಬೇಕಾದದ್ದು ತಾಳ್ಮೆ. ನನಗದು ಹುಟ್ಟಿನಿಂದಲೇ ಇಲ್ಲ. ಅಟ್ಟೂರಿನ ಮನೆಯ ಬಾಲ್ಕನಿಯಲ್ಲಿ ಕೂತು ಒಂದು ತಂಬಾಕು ಅರ್ಧ ಉರಿಯುವಷ್ಟರಲ್ಲಿ ಇನ್ನೊಂದರ ಆಸೆ ಹುಟ್ಟುತ್ತಿತ್ತು. ಒಣಹುಲ್ಲಿನ ಸಿಹಿಯ ವರ್ಜೀನಿಯಾ, ಕೋಕೋ ವಾಸನೆಯ ಬರ್ಲಿ, ಹೊಗೆಯಲ್ಲೇ ಹದವಾದ ಕಪ್ಪು ಲಟಾಕಿಯಾ, ಯಾವುದರಲ್ಲೂ ನಿಲ್ಲಲಾರೆ. ಪೈಪು ತಣ್ಣಗಾಗುವ ಮೊದಲೇ ಕೆರೆದು ಮತ್ತೆ ತುಂಬಿ, ನಾಲಿಗೆ ಸುಟ್ಟುಕೊಂಡು, ಮಧ್ಯಾಹ್ನ ಬರೀ ಮೊಸರನ್ನ ತಿನ್ನುತ್ತಿದ್ದೆ.

ಈ ಚಟ ಕಲಿಸಿದವನು ಆರ್.ಟಿ. ನಗರದ ಗೆಳೆಯ, ಗಡಿಯಾರ ರಿಪೇರಿಯವನು. ಮನೆಯಲ್ಲಿ ದಖನಿ, ನನ್ನೊಡನೆ ಕನ್ನಡ. ಗಂಟಲಿನ ಚಿಕಿತ್ಸೆ ಶುರುವಾಗುವಾಗ ಡಾಕ್ಟರು ಇನ್ನು ಒಂದು ದಮ್ಮೂ ಕೂಡದು ಎಂದರು. ಅವನು ತನ್ನ ಕೊನೆಯ ಮಿಶ್ರಣವನ್ನು ಗಾಜಿನ ಜಾಡಿಗೆ ಒತ್ತಿ ತುಂಬಿ ನನಗೆ ತಂದುಕೊಟ್ಟ.

“ಮೂರು ವರ್ಷ ಮುಚ್ಚಳ ಮುಟ್ಬಾರ್ದು ಕಣೋ. ಒಳಗೇ ಹಣ್ಣಾಗ್ಬೇಕು. ಆಮೇಲೆ ನಾನೇ ಬರ್ತೀನಿ. ನೀನ್ ಸೇದು, ನಾನ್ ವಾಸ್ನೆ ತಗೊಂಡು ಕೂತ್ಕೋತೀನಿ. ನಂಗಷ್ಟೇ ಸಾಕು.”

ಮೊದಲ ಭಾನುವಾರವೇ ತೆರೆದೆ. ಒಂದೇ ಸಲ ಮೂಸಿ ಮುಚ್ಚಿಬಿಡೋಣ ಅಂತ. ಮುಂದಿನ ಭಾನುವಾರ ಮತ್ತೆ. ದೇವರಾಣೆ, ಒಂದು ಎಳೆಯನ್ನೂ ಸೇದಲಿಲ್ಲ. ಆದರೆ ಗಾಳಿಯಾಡಿ ಆಡಿ ಎರಡೂವರೆ ವರ್ಷಕ್ಕೆ ತಂಬಾಕು ಒಣಗಿ ಪುಡಿಯಾಯಿತು. ಗಾಬರಿಯಾಗಿ, ತೇವ ಬರಲೆಂದು ಸೇಬಿನ ಹೋಳು ಹಾಕಿದೆ. ಪೈಪಿನವರ ಹಳೆಯ ಉಪಾಯ ಅದು, ಮಾರನೆಯ ದಿನವೇ ತೆಗೆದುಬಿಡಬೇಕು. ನಾನು ವಾರವಿಡೀ ಮರೆತೆ. ಜಾಡಿ ತುಂಬ ಬೂಷ್ಟು!

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಆಗಲೂ ಬರಲಿಲ್ಲ. ಅದನ್ನು ಚೆಲ್ಲಿ, ಅದೇ ವಾಸನೆ ಹುಟ್ಟಿಸಲು ಕೂತೆ. ಲಟಾಕಿಯಾ ಒಂದು ಚಿಟಿಕೆ ಹೆಚ್ಚಾದರೆ ಬಚ್ಚಲ ಒಲೆಯ ಹೊಗೆ, ಕಡಿಮೆಯಾದರೆ ಬರೀ ಹುಲ್ಲು. ಆರು ತಿಂಗಳು ಮನೆಯೊಳಗೆ ಶತಪಥ ಹಾಕಿದೆ. “ಹೋಗಿ ನಿಜ ಹೇಳ್ಬಾರ್ದೇನ್ರೀ?” ಎಂದಳು ಹೆಂಡತಿ. ಧೈರ್ಯ ಬರಲಿಲ್ಲ.

ಹೋದ ತಿಂಗಳು, ಹೇಳಿದ ದಿನಕ್ಕೇ, ಗೆಳೆಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಬ್ಬಾಳದ ಟ್ರಾಫಿಕ್ಕನ್ನು ಬೈಯುತ್ತ ಬಂದ. ನಕಲಿ ಜಾಡಿಯನ್ನು ಅವನ ಕೈಗಿಟ್ಟೆ. ಅವನು ಮುಚ್ಚಳ ತೆಗೆದು ಮೂಗಿಟ್ಟು ಮತ್ತೆ ಮತ್ತೆ ಉಸಿರೆಳೆದುಕೊಂಡ.

“ಏನೂ ಬರ್ತಿಲ್ಲ ಕಣೋ. ಟ್ರೀಟ್‌ಮೆಂಟ್ ಆದ್ಮೇಲೆ ಮೂಗೇ ಹೋಯ್ತು. ಇದಾದ್ರೂ ಗೊತ್ತಾಗುತ್ತೆ ಅನ್ಕೊಂಡಿದ್ದೆ. ನೀನೇ ಹೇಳು, ಹೆಂಗಿದೆ?”

ಒಂದು ಕ್ಷಣ, ಬಚಾವಾದೆ ಅನ್ನಿಸಿತು. ಥೂ, ನನ್ನ ಜನ್ಮಕ್ಕಿಷ್ಟು! ಹೇಳತೊಡಗಿದೆ. ಮೊದಲು ಹಸಿ ಹುಲ್ಲು, ಮೂಗಿಗೆ ಹೊಡೆಯುವ ಹುಳಿ. ಮಳೆಗಾಲಕ್ಕೆ ಹುಳಿ ಹೋಗಿ ಒಣ ಅಂಜೂರ. ಎರಡನೇ ವರ್ಷ ಹೊಗೆ ಹಿಂದೆ ಸರಿದು ಬೆಲ್ಲದ ಪಾಕ... ಅಲ್ಲಿಗೆ ನನ್ನ ಮಾತು ನಿಂತಿತು. ಮೂರು ವರ್ಷ ಮುಚ್ಚಿಟ್ಟ ಜಾಡಿಯ ಬಗ್ಗೆ ಹೀಗೆ ಹೇಳಲಾಗುವುದಿಲ್ಲ.

ಅವನು ನನ್ನನ್ನೇ ನೋಡುತ್ತಿದ್ದ. “ದಿನಾ ತೆಗೀತಿದ್ಯಾ?”

“ಭಾನುವಾರ ಭಾನುವಾರ. ಹಾಳ್ಮಾಡ್ಬಿಟ್ಟೆ. ಇದು ನಿಂದಲ್ಲ ಕಣೋ, ನಾನ್ ಕಲಸಿದ್ದು.”

ಅವನು ಮುಚ್ಚಳ ಬಿಗಿ ಮಾಡಿ ಜಾಡಿಯನ್ನು ಪಕ್ಕಕ್ಕಿಟ್ಟ. ಬೈಯುತ್ತಾನೆಂದು ಕಾದೆ. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

“ಮೊದಲ್ನೇ ಭಾನುವಾರದಿಂದ ಹೇಳು,” ಎಂದ. “ಒಂದೂ ಬಿಡ್ಬೇಡ.”