ಕಸವಿಲ್ಲದ ಕಾರಿಗೆ ವ್ಯಾಕ್ಯೂಮ್

ಫ್ರೆಂಡ್ಸ್, ಗ್ರೂಪಿನಲ್ಲಿ ನಿಮ್ಮೆಲ್ಲರ ತಲೆ ತಿಂದು ಆರಿಸಿದ್ದ ಕಾರ್ ವ್ಯಾಕ್ಯೂಮ್ ಇವತ್ತು ಕೈತಪ್ಪಿ ಹೋಗುತ್ತಿತ್ತು! "ಕಸ ಎಳೆಯೋದನ್ನ ಕಣ್ಣಾರೆ ನೋಡಿದ್ರಷ್ಟೇ ಕೊಡಿಸ್ತೀನಿ" ಎಂದಿದ್ದ ಅಪ್ಪನನ್ನು ಮಂಡಿಪೇಟೆಯ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ಮಷಿನ್ ಹಿಡಿದು ನಮ್ಮ ಕಾರಿನೊಳಗೆ ಬಗ್ಗಿದರು.

"ಕಸಾನೇ ಇಲ್ಲಲ್ರೀ ಸಾವ್ಕಾರ್ರೆ, ಏನ್ ಎಳೆದು ತೋರಿಸ್ಲಿ?"

"ಗಲೀಜ್ ಕಾರ್ ತಗೊಂಡು ಮಂದಿ ಅಂಗಡಿಗೆ ಬರಾಕ್ ಆಗ್ತೈತೇನ್ರಿ? ಬೆಳಗ್ಗೆನೇ ಒರೆಸೀನಿ" ಎಂದರು ಅಪ್ಪ.

"ಅಪ್ಪಾ, ನಾವು ಕಸ ತೆಗೆಯೋ ಮಷಿನ್ ನೋಡಾಕ ಬಂದೀವಿ!" ಎಂದೆ.

ಕೊನೆಗೆ ಅಪ್ಪನೇ ಪಕ್ಕದಂಗಡಿಯಿಂದ ಮಂಡಕ್ಕಿ ತಂದು, ಅರ್ಧ ತಿಂದು, ಉಳಿದದ್ದನ್ನು ಮನಸ್ಸಿಲ್ಲದ ಮನಸ್ಸಿನಿಂದ ಸೀಟಿನ ಮೇಲೆ ಚೆಲ್ಲಿದರು. ಮಷಿನ್ ಒಂದು ಕಾಳೂ ಬಿಡಲಿಲ್ಲ. "ಪ್ಯಾಕ್ ಮಾಡ್ರಿ" ಎಂದರು ಅಪ್ಪ.

ಈಗ ಸಂಜೆ. ನಾನು ಕಾರಿನ ಬಾಗಿಲು ತೆಗೆದು, ವ್ಯಾಕ್ಯೂಮ್ ಹಾಕಲು ಕಾಯುತ್ತಿದ್ದೇನೆ. ಅಪ್ಪ ಇನ್ನೂ ಹೊಸ ವ್ಯಾಕ್ಯೂಮನ್ನೇ ಒರೆಸುತ್ತಿದ್ದಾರೆ.